ಅಕ್ಟೋಬರ್ 2ರ ಎರಡನೆಯ ಫೋಟೊ: ಶಾಸ್ತ್ರೀಜಿಯವರಿಂದ ನಮಗೆ ಉಳಿದದ್ದೇನು?

ಹಿನ್ನೀರಿನವ

ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಪ್ರತಿ ವರ್ಷ ಅಕ್ಟೋಬರ್ 2ರ ಬೆಳಿಗ್ಗೆ ನಾವು ಮೇಜಿನ ಮೇಲೆ ಎರಡು ಫೋಟೊ ಇಡುತ್ತಿದ್ದೆವು. ಗಾಂಧೀಜಿಯವರದು ದೊಡ್ಡ ಚೌಕಟ್ಟಿನದು. ಲಾಲ್ ಬಹದ್ದೂರ್ ಶಾಸ್ತ್ರಿಯವರದು ಕ್ಯಾಲೆಂಡರಿನಿಂದ ಕತ್ತರಿಸಿ ಗಾಜು ಹಾಕಿಸಿದ್ದು. ಅದರ ಹಿಂದಿನ ಆಸರೆಯ ಕಡ್ಡಿ ಮುರಿದಿದ್ದರಿಂದ ಡಸ್ಟರಿಗೆ ಆನಿಸಿ ನಿಲ್ಲಿಸಬೇಕಾಗುತ್ತಿತ್ತು. ಸೇವಂತಿಗೆ ಮಾಲೆ ಬರುತ್ತಿದ್ದುದು ಒಂದೇ. ಉದುರಿದ ಬಿಡಿ ಹೂಗಳು ಇವರ ಪಾಲಿಗೆ.

ನನ್ನ ಸೇವೆಯ ಕೊನೆಯ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಬಡತನದಲ್ಲಿ ಬೆಳೆದದ್ದು, ಸರಳವಾಗಿ ಬದುಕಿದ್ದು ಬಿಟ್ಟು ಇವರು ಮಾಡಿದ್ದೇನು?" ಎಂದು ಕೇಳಿದಳು. ನಾನು 'ಜೈ ಜವಾನ್ ಜೈ ಕಿಸಾನ್' ಎಂದೆ, 1965ರ ಯುದ್ಧ ಎಂದೆ, ತಾಷ್ಕೆಂಟ್ ಎಂದೆ. ಮೂರೂ ಅವಳಿಗೆ ಮೊದಲೇ ಗೊತ್ತಿದ್ದವು. ನಾಲ್ಕನೆಯದು ನನ್ನ ಬಾಯಿಗೆ ಬರಲಿಲ್ಲ.

ಇನ್ನೊಂದು ಸಂಗತಿ ಇದೆ. ನನ್ನ ಹುಟ್ಟೂರು ಈಗ ನೀರಿನ ಕೆಳಗಿದೆ. ಆ ನೀರಿಗೆ ಸರ್ಕಾರಿ ಕಾಗದಗಳಲ್ಲಿರುವ ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದವರು ಅವರೇ. ಆಗ ಅವರು ಖಾತೆಯಿಲ್ಲದ ಸಚಿವರಾಗಿದ್ದರು. ಐದು ದಿನ ಕಳೆಯುವುದರೊಳಗೆ ನೆಹರೂ ತೀರಿಕೊಂಡರು, ಜೂನ್ 9ಕ್ಕೆ ಇವರು ಪ್ರಧಾನಿಯಾದರು, 1966ರ ಜನವರಿ 11ರ ನಸುಕಿನ ಹೊತ್ತಿಗೆ ಇವರೂ ಇರಲಿಲ್ಲ. ಎಲ್ಲ ಸೇರಿ ಹತ್ತೊಂಬತ್ತು ತಿಂಗಳು. ನಮ್ಮ ಕಡೆ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಹೊರಗಿನವರಿಗೆ ಅದು ಆಲಮಟ್ಟಿ ಡ್ಯಾಂ, ನಮಗೆ ಬರಿಯ ಮುಳುಗಡೆ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ: ಸರಳತೆಯ ಕಥೆಗಳನ್ನೂ ಸಾವಿನ ಕಥೆಗಳನ್ನೂ ಪಕ್ಕಕ್ಕಿಟ್ಟರೆ ಈ ಮನುಷ್ಯನ ರಾಜಕೀಯದಿಂದ ನಮ್ಮ ನಿತ್ಯದ ಬದುಕಿನಲ್ಲಿ ಉಳಿದಿರುವುದು ಏನು?

ಮೂರನೇ ಬೆಂಚು

ಸರಳತೆಯನ್ನು ಪಕ್ಕಕ್ಕಿಡಬೇಕು ಎನ್ನುವುದನ್ನೇ ನಾನು ಒಪ್ಪುವುದಿಲ್ಲ. ಪ್ರಧಾನಿಯಾಗಿದ್ದಾಗ ಕುಟುಂಬಕ್ಕಾಗಿ ಒಂದು ಫಿಯೆಟ್ ಕಾರು ಕೊಳ್ಳಲು ಅವರ ಬಳಿ ಪೂರ್ತಿ ಹಣ ಇರಲಿಲ್ಲ. ಬ್ಯಾಂಕಿನಿಂದ 5,000 ರೂಪಾಯಿ ಸಾಲ ತೆಗೆದರು. ಸಾಲ ತೀರುವ ಮೊದಲೇ ತೀರಿಕೊಂಡರು, ಉಳಿದದ್ದನ್ನು ಪತ್ನಿ ಲಲಿತಾ ಅವರು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರು ದೆಹಲಿಯ ಸ್ಮಾರಕದಲ್ಲಿ ಇಂದಿಗೂ ನಿಂತಿದೆ. ಇವತ್ತಿನ ಗ್ರಾಮ ಪಂಚಾಯಿತಿ ಸದಸ್ಯರ ಕಾರುಗಳನ್ನು ನೋಡಿದವರಿಗೆ ಇದಕ್ಕಿಂತ ದೊಡ್ಡ ರಾಜಕೀಯ ಪಾಠ ಬೇರೆ ಬೇಕೇ?

ಕಡತಪ್ರಿಯ

ಮೂರನೇ ಬೆಂಚಿನವರೇ, ಕಾರಿನ ಕಥೆ ನಿಜ, ನನಗೂ ಇಷ್ಟ. ಆದರೆ ಅದನ್ನೇ ಹೇಳುತ್ತ ಹೋದರೆ ಶಾಸ್ತ್ರಿಯವರು ಒಳ್ಳೆಯ ನೆರೆಮನೆಯವರಾಗಿ ಉಳಿಯುತ್ತಾರೆಯೇ ಹೊರತು ಆಡಳಿತಗಾರರಾಗಿ ಉಳಿಯುವುದಿಲ್ಲ. ಮಾಸ್ತರರಿಗೆ ಸಿಗದ ನಾಲ್ಕನೆಯ ಉತ್ತರವನ್ನು ನಾನು ಕೊಡುತ್ತೇನೆ, ಐದನೆಯದನ್ನೂ ಆರನೆಯದನ್ನೂ ಸೇರಿಸಿ.

ಇಲಾಖೆಯೊಂದರಲ್ಲಿ ಕಡತ ಹೊತ್ತು ಸವೆದವನಾದ್ದರಿಂದ ನನಗೆ ಸಂಸ್ಥೆಗಳ ಮೇಲೆ ಕಣ್ಣು. 1965ರ ಒಂದು ವರ್ಷವನ್ನು ಮಾತ್ರ ತೆಗೆದುಕೊಳ್ಳಿ. ಜನವರಿಯಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಅದರ ಮೊದಲ ಕಚೇರಿ ತೆರೆದದ್ದು ತಂಜಾವೂರಿನಲ್ಲಿ. ಅದೇ ತಿಂಗಳು ಕೃಷಿ ಬೆಲೆ ಆಯೋಗ ಬಂತು. ಬೆಂಬಲ ಬೆಲೆ ಎಂದು ನಾವು ಇಂದು ಜಗಳವಾಡುವುದೆಲ್ಲ ಆ ಆಯೋಗದಿಂದ ಶುರುವಾದದ್ದು. ಆ ವರ್ಷವೇ ಗುಜರಾತಿನ ಆನಂದ್‌ನಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಡಿಸೆಂಬರ್ 1ಕ್ಕೆ ಗಡಿ ಭದ್ರತಾ ಪಡೆ ಎದ್ದು ನಿಂತಿತು. ಅದಕ್ಕೆ ಕಾರಣ ಏಪ್ರಿಲಿನಲ್ಲಿ ಕಚ್‌ನ ರಣದಲ್ಲಿ ಪಾಕಿಸ್ತಾನದ ಸೇನೆ ನಮ್ಮ ಪೊಲೀಸ್ ಠಾಣ್ಯದ ಮೇಲೆ ಬಿದ್ದಾಗ ಗಡಿಯನ್ನು ಆಯಾ ರಾಜ್ಯದ ಪೊಲೀಸರ ಕೈಗೆ ಬಿಟ್ಟರೆ ಸಾಲದು ಎಂಬುದು ಮನವರಿಕೆಯಾದದ್ದು. ಇವುಗಳಲ್ಲಿ ಒಂದೂ ಮುಚ್ಚಿಲ್ಲ. ಯಾವುದರ ಹೆಸರಿನಲ್ಲೂ ಶಾಸ್ತ್ರಿ ಇಲ್ಲ.

ಅದಕ್ಕೂ ಹಿಂದೆ ಗೃಹ ಸಚಿವರಾಗಿದ್ದಾಗ ಭ್ರಷ್ಟಾಚಾರದ ವಿಚಾರಣೆಗಾಗಿ ಸಂತಾನಂ ಸಮಿತಿಯನ್ನು ನೇಮಿಸಿದವರು ಅವರು; ಅದರ ಶಿಫಾರಸಿನಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಬಂತು. ಸಿಬಿಐ ರಚನೆಯಾದ 1963ರ ಏಪ್ರಿಲಿನಲ್ಲಿಯೂ ಗೃಹ ಖಾತೆ ಅವರ ಬಳಿಯೇ ಇತ್ತು. ಸಾಲ ಮಾಡಿ ಕಾರು ಕೊಂಡವರು ಎಂದು ಹೊಗಳುವ ನಾವು ಸಾಲ ಮಾಡದೆ ಕಾರು ಕೊಳ್ಳುವ ಅಧಿಕಾರಿಗಳನ್ನು ಹಿಡಿಯುವ ವ್ಯವಸ್ಥೆಗೆ ಅಡಿಪಾಯ ಹಾಕಿದವರು ಯಾರೆಂದು ಮರೆತಿದ್ದೇವೆ.

ಸಂಶಯಾತ್ಮ

ಹಿಡಿದಿದ್ದಾರೆಯೇ?

ಕಡತಪ್ರಿಯ

ಅದು ಶಾಸ್ತ್ರಿಯವರನ್ನು ಕೇಳುವ ಪ್ರಶ್ನೆಯಲ್ಲ ಸ್ವಾಮಿ.

ಡೇರಿ ಕ್ಯಾನು

ಹೈನು ಮಂಡಳಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. 1964ರ ಅಕ್ಟೋಬರಿನಲ್ಲಿ ಆನಂದ್‌ನ ಹತ್ತಿರ ಪಶು ಆಹಾರದ ಕಾರ್ಖಾನೆಯ ಉದ್ಘಾಟನೆಗೆ ಹೋದ ಶಾಸ್ತ್ರಿಯವರು ಅತಿಥಿಗೃಹ ಬೇಡವೆಂದು ಹಿಂದಿನ ರಾತ್ರಿ ಹಳ್ಳಿಯೊಂದರ ರೈತನ ಮನೆಯಲ್ಲಿ ಉಳಿದರು. ಇದನ್ನೂ ಸರಳತೆಯ ಖಾತೆಗೆ ಬರೆದುಬಿಡುತ್ತಾರೆ. ಆದರೆ ಅವರು ಅಲ್ಲಿ ಉಳಿದದ್ದು ಸರಳತೆ ತೋರಿಸಲಿಕ್ಕಲ್ಲ. ಸರ್ಕಾರಿ ಡೇರಿಗಳೆಲ್ಲ ನಷ್ಟದಲ್ಲಿರುವಾಗ ಈ ಒಂದು ಸಹಕಾರಿ ಡೇರಿ ಹೇಗೆ ನಡೆಯುತ್ತಿದೆ ಎಂದು ಊರವರ ಬಾಯಿಂದಲೇ ಕೇಳಲು. ಮರುದಿನ ಆ ಡೇರಿಯನ್ನು ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಅವರಿಗೆ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಮಣ್ಣು, ಮಳೆ, ಎಮ್ಮೆ, ಯಾವುದರಲ್ಲೂ ಇಲ್ಲಿ ವಿಶೇಷ ಕಾಣಲಿಲ್ಲ, ಹಾಗಾದರೆ ಗುಟ್ಟೇನು? ಡೇರಿಯ ಒಡೆಯರು ರೈತರೇ ಎಂಬುದು ಗುಟ್ಟು ಎಂದು ತಿಳಿದ ಮೇಲೆ ಅದನ್ನು ದೇಶಕ್ಕೆಲ್ಲ ಹರಡಬೇಕೆಂದು ಮಂಡಳಿ ಮಾಡಿಸಿದರು, ಅದರ ಕಚೇರಿ ದೆಹಲಿಯಲ್ಲಿ ಬೇಡ, ಆನಂದ್‌ನಲ್ಲೇ ಇರಲಿ ಎಂಬುದಕ್ಕೂ ಒಪ್ಪಿದರು.

ಎಪ್ಪತ್ತರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಅದೇ ಮಾದರಿ ಕರ್ನಾಟಕಕ್ಕೆ ಬಂತು. ಇವತ್ತು ಬೆಳಿಗ್ಗೆ ಆರಕ್ಕೆ ನಮ್ಮ ಸಂಘದ ಬಾಗಿಲಿನಲ್ಲಿ ಕ್ಯಾನು ಹಿಡಿದು ಸಾಲು ನಿಲ್ಲುವವರು ಆ ರಾತ್ರಿಯ ಫಲವನ್ನು ಉಣ್ಣುತ್ತಿದ್ದಾರೆ. ಫ್ಯಾಟ್ ಕಡಿಮೆ ಬಂತೆಂದು ನನ್ನನ್ನು ಬೈಯುವಾಗಲೂ ಅವರು ಒಡೆಯರಾಗಿಯೇ ಬೈಯುತ್ತಾರೆ, ಗಿರಾಕಿಯಾಗಿ ಅಲ್ಲ. ನಮ್ಮ ಸಂಘದ ಗೋಡೆಯ ಮೇಲೆ ಐದು ಫೋಟೊಗಳಿವೆ, ಅವುಗಳಲ್ಲಿ ಮೂರು ಈಗಲೂ ಚುನಾವಣೆಗೆ ನಿಲ್ಲುವವರದು. ಶಾಸ್ತ್ರಿಯವರದು ಇಲ್ಲ ಎಂಬುದು ಈ ಬರಹ ಓದಿದ ಮೇಲೆ ಹೊಳೆಯಿತು.

ಎಳ್ಳುಹೊಲ

ಬೆಂಬಲ ಬೆಲೆಯ ಹೊಗಳಿಕೆಗೆ ಸ್ವಲ್ಪ ತಡೆಯಿರಿ. ನಾನು ಕಲಬುರಗಿಯ ಕಡೆಯ ತೊಗರಿ ಬೆಳೆಯುವವನು. ಬೆಲೆ ಘೋಷಣೆಯಾಗುತ್ತದೆ, ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಅರ್ಧ ಊರು ದಲ್ಲಾಳಿಗೆ ಮಾರಿ ಮುಗಿಸಿರುತ್ತದೆ. ಅಲ್ಲದೆ ಅಂದು ಹಾಕಿದ ಪಾಯ ಗೋಧಿ ಮತ್ತು ಅಕ್ಕಿಗಾಗಿ ಹಾಕಿದ್ದು. ಜೋಳ, ಸಜ್ಜೆ, ತೊಗರಿಯ ಸೀಮೆಗೆ ಆ ಹಸಿರು ಕ್ರಾಂತಿಯ ಹಸಿರು ಎಷ್ಟು ಬಂತು?

ಕಡತಪ್ರಿಯ

ಒಪ್ಪುತ್ತೇನೆ. ಆದರೆ ಅವರ ಮುಂದಿದ್ದ ಸ್ಥಿತಿಯನ್ನೂ ನೋಡಬೇಕು. ದೇಶ ಅಮೆರಿಕದ ಪಿಎಲ್ 480 ಎಂಬ ಆಹಾರ ನೆರವಿನ ಕಾನೂನಿನಡಿ ಬರುವ ಗೋಧಿಯ ಹಡಗುಗಳನ್ನು ನೆಚ್ಚಿಕೊಂಡಿತ್ತು, 1965ರ ಮುಂಗಾರು ಕೈಕೊಟ್ಟಿತು, ಮೇಲೆ ಯುದ್ಧ. ಶಾಸ್ತ್ರಿಯವರು ಸಿ. ಸುಬ್ರಮಣ್ಯಂ ಅವರನ್ನು ಉಕ್ಕಿನ ಖಾತೆಯಿಂದ ತೆಗೆದು ಕೃಷಿಗೆ ಹಾಕಿದಾಗ ಅದು ಹಿಂಬಡ್ತಿ ಎಂದು ಆಡಿಕೊಂಡವರಿದ್ದರು, ಏಕೆಂದರೆ ಕೃಷಿ ಖಾತೆಯನ್ನು ಬೇಡುವವರೇ ಇರಲಿಲ್ಲ. ರೈತನಿಗೆ ಹೆಚ್ಚು ಬೆಲೆ ಕೊಡುವುದಕ್ಕೆ ಸಂಪುಟದ ಒಳಗೇ ಹಣಕಾಸಿನ ಕಡೆಯಿಂದ ವಿರೋಧವಿತ್ತು. ಮೆಕ್ಸಿಕೊದ ಗಿಡ್ಡ ಗೋಧಿಯ 18,000 ಟನ್ ಬೀಜ ಬಂದದ್ದು 1966ರಲ್ಲಿ, ಅಂದರೆ ಶಾಸ್ತ್ರಿಯವರು ಹೋದ ಮೇಲೆ. 1968ರಲ್ಲಿ ಫಸಲು ತುಂಬಿ ಬಂದಾಗ ಗೋಧಿ ಕ್ರಾಂತಿಯ ಅಂಚೆ ಚೀಟಿ ಬಿಡುಗಡೆ ಮಾಡಿದವರು ಇಂದಿರಾ. ಉತ್ತವರು ಒಬ್ಬರು, ರಾಶಿ ಪೂಜೆ ಮಾಡಿದವರು ಇನ್ನೊಬ್ಬರು.

ಗಾಳಿಪಟ 65

ಅದನ್ನೇ ನಾನು ಹೇಳಬೇಕೆಂದಿದ್ದೆ. ಒಂದು ಕುಟುಂಬದ ಹೆಸರು ಮೆರೆಯಬೇಕೆಂದು ಶಾಸ್ತ್ರಿಯವರನ್ನು ಬೇಕೆಂದೇ ಮರೆಸಲಾಯಿತು. ಅವರ ಸಾವಿನ ವಿಷಯದಲ್ಲಿಯೂ...

ಬೆಳ್ಳಿಚುಕ್ಕಿ

ಗಾಳಿಪಟದವರೇ, ಸಾವಿನ ವಿಷಯದಲ್ಲಿ ನಮಗೆ ಖಚಿತವಾಗಿರುವುದು ಇಷ್ಟೇ: 1966ರ ಜನವರಿ 10ರಂದು ಪಾಕಿಸ್ತಾನದೊಂದಿಗಿನ ತಾಷ್ಕೆಂಟ್ ಘೋಷಣೆಗೆ ಸಹಿ ಬಿತ್ತು, ಆ ರಾತ್ರಿಯೇ ಹೃದಯಾಘಾತದಿಂದ ತೀರಿಕೊಂಡರು ಎಂದು ವೈದ್ಯರು ಹೇಳಿದರು, 1959ರಲ್ಲಿ ಮತ್ತು 1964ರ ಜೂನಿನಲ್ಲಿ ಅವರಿಗೆ ಹೃದಯದ ತೊಂದರೆ ಬಂದುಹೋಗಿತ್ತು, ಮರಣೋತ್ತರ ಪರೀಕ್ಷೆ ನಡೆಯಲಿಲ್ಲ, ಮನೆಯವರು ಪ್ರಶ್ನೆ ಕೇಳಿದರು. ಪರೀಕ್ಷೆ ನಡೆಸಬೇಕಾಗಿತ್ತು ಎನ್ನುವುದನ್ನು ಯಾರೂ ಒಪ್ಪಬಹುದು. ಅದರ ಮುಂದಿನದೆಲ್ಲ ಊಹೆ. ಐವತ್ತು ವರ್ಷದಿಂದ ಅವರ ಹೆಸರೆತ್ತಿದ ಕೂಡಲೇ ಆ ಒಂದು ರಾತ್ರಿಯನ್ನು ಹಿಡಿದು ಕೂರುತ್ತೇವೆ, ಅದಕ್ಕೂ ಹಿಂದಿನ ಹತ್ತೊಂಬತ್ತು ತಿಂಗಳು ಹಾಗೆಯೇ ಬಿದ್ದಿರುತ್ತವೆ.

ಬೇಕೆಂದೇ ಮರೆಸಿದರು ಎಂಬುದೂ ಪೂರ್ತಿ ನಿಲ್ಲುವುದಿಲ್ಲ. 1966ರಲ್ಲೇ ಮರಣೋತ್ತರವಾಗಿ ಭಾರತರತ್ನ ಕೊಟ್ಟರು, ಮರಣೋತ್ತರವಾಗಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಯಮುನೆಯ ದಂಡೆಯಲ್ಲಿ ವಿಜಯ ಘಾಟ್ ಇದೆ. ಮಸ್ಸೂರಿಯ ಐಎಎಸ್ ತರಬೇತಿ ಅಕಾಡೆಮಿಗೆ ಅವರ ಹೆಸರಿಟ್ಟದ್ದು ಇಂದಿರಾ ಅವರ ಕಾಲದಲ್ಲೇ. ಸ್ವಂತ ಪಕ್ಷದವರು ಅವರನ್ನು ಪಟದೊಳಗಿಟ್ಟು ಸುಮ್ಮನಾದರು ಎಂದರೆ ಒಪ್ಪುತ್ತೇನೆ. ಎದುರು ಪಕ್ಷದವರು ಆ ಪಟವನ್ನು ಇಳಿಸಿ ನೆಹರೂ ಮನೆಯ ಕಡೆಗೆ ಎಸೆಯುವ ಕಲ್ಲಾಗಿ ಮಾಡಿಕೊಂಡರು. ಯಾವ ಕಡೆಯವರೂ ಅವರ ಭಾಷಣವೊಂದನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ.

ಗಾಳಿಪಟ 65

ವಾಜಪೇಯಿ ಅವರು 1998ರಲ್ಲಿ ಪೋಖ್ರಾನ್ ಪರೀಕ್ಷೆಯ ಮೇಲೆ ಅವರ ಘೋಷಣೆಗೆ 'ಜೈ ವಿಜ್ಞಾನ್' ಸೇರಿಸಿದರು. ಅದು ಕಲ್ಲೆಸೆತವಲ್ಲ, ಗೌರವ.

ಬೆಳ್ಳಿಚುಕ್ಕಿ

ಅದು ಗೌರವವೇ, ಮಾತು ಹಿಂತೆಗೆದುಕೊಳ್ಳುತ್ತೇನೆ. ಚೀನಾ 1964ರ ಅಕ್ಟೋಬರಿನಲ್ಲಿ ಅಣುಬಾಂಬ್ ಸಿಡಿಸಿದ ಮೇಲೆ ಹೋಮಿ ಭಾಭಾ ಅವರಿಗೆ ಭೂಗತ ಸ್ಫೋಟದ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟವರೂ ಶಾಸ್ತ್ರಿಯವರೇ ಆದ್ದರಿಂದ ಆ ಜೋಡಣೆ ಸಲ್ಲುತ್ತದೆ ಕೂಡ.

ರೈಲ್ವೆಯಲ್ಲಿದ್ದವ

ನಾನು ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತನಾದವನು. 1956ರ ವಿಷಯ ಯಾರೂ ಎತ್ತಲಿಲ್ಲವಲ್ಲ! ಆಗ ಶಾಸ್ತ್ರಿಯವರು ರೈಲ್ವೆ ಸಚಿವರು. ಆ ವರ್ಷ ಮೆಹಬೂಬ್‌ನಗರದ ಅಪಘಾತವಾದಾಗ ಅವರು ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ಮದ್ರಾಸ್ ರಾಜ್ಯದ ಅರಿಯಲೂರಿನಲ್ಲಿ ಮಳೆಗೆ ಸೇತುವೆ ಕೊಚ್ಚಿ ರೈಲು ಉರುಳಿ ನೂರಕ್ಕೂ ಹೆಚ್ಚು ಮಂದಿ ಸತ್ತಾಗ ಮತ್ತೆ ಕೊಟ್ಟರು, ಈ ಸಲ ನೆಹರೂ ಒಪ್ಪಿದರು. ಅಪಘಾತಕ್ಕೆ ಶಾಸ್ತ್ರಿ ಹೊಣೆ ಎಂದು ರಾಜೀನಾಮೆ ಒಪ್ಪುತ್ತಿಲ್ಲ, ಸಂವಿಧಾನದ ಮರ್ಯಾದೆಗೆ ಒಂದು ಮೇಲ್ಪಂಕ್ತಿ ಇರಲೆಂದು ಒಪ್ಪುತ್ತಿದ್ದೇನೆ ಎಂಬ ಅರ್ಥದ ಮಾತನ್ನು ನೆಹರೂ ಸಂಸತ್ತಿನಲ್ಲಿ ಆಡಿದರು. ನಮ್ಮ ಕಚೇರಿಯಲ್ಲಿ ಪ್ರತಿ ಅಪಘಾತದ ಮರುದಿನ ಹಳಬರು ಇದನ್ನು ನೆನೆಯುತ್ತಿದ್ದರು.

ಸಂಶಯಾತ್ಮ

ಮಂತ್ರಿ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಸೇತುವೆ ಗಟ್ಟಿಯಾಯಿತೇ? 1957ರಲ್ಲಿ ಅವರು ಸಾರಿಗೆ ಮತ್ತು ಸಂಪರ್ಕ ಸಚಿವರಾಗಿ ಮರಳಿ ಸಂಪುಟಕ್ಕೆ ಬಂದರು. ಹೊಣೆ ಹೊರುವುದು ಎಂದರೆ ಕುರ್ಚಿಯಲ್ಲೇ ಕೂತು ದುರಸ್ತಿ ಮಾಡಿಸುವುದು ಎಂದು ನನ್ನಂಥವರು ತಿಳಿದಿದ್ದೇವೆ.

ರೈಲ್ವೆಯಲ್ಲಿದ್ದವ

ಸೇತುವೆ ಗಟ್ಟಿಯಾಗುವುದಿಲ್ಲ, ನಿಜ. ಆದರೆ ಮೇಲಿನವನು ಹೊಣೆ ಹೊತ್ತಾಗ ಕೆಳಗಿನ ಗ್ಯಾಂಗ್‌ಮನ್ನನನ್ನು ಮಾತ್ರ ಬಲಿಕೊಡುವುದು ಕಷ್ಟವಾಗುತ್ತದೆ. ನಾನು ಒಂದು ವಿಚಾರಣೆಯಲ್ಲಿ ಸಾಕ್ಷಿಯಾಗಿ ನಿಂತಿದ್ದೆ. ಸ್ಥಳ, ವರ್ಷ ಬೇಡ. ತಿಂಗಳುಗಟ್ಟಲೆ ಬರೆದ ಪತ್ರಗಳಿಗೆ ಉತ್ತರ ಕೊಡದವರು ಆ ದಿನ ಮೇಜಿನ ಆಚೆ ಕೂತಿದ್ದರು, ಆ ರಾತ್ರಿ ಪಾಳಿಯಲ್ಲಿದ್ದವನು ಈಚೆ ಕೈಕಟ್ಟಿ ನಿಂತಿದ್ದ. ಅಂಥ ಹೊತ್ತಿನಲ್ಲಿ 1956 ನೆನಪಾಗುತ್ತದೆ. 1999ರಲ್ಲಿ ಗೈಸಲ್ ರೈಲು ಅಪಘಾತದ ನಂತರ ಆಗಿನ ರೈಲ್ವೆ ಸಚಿವ ನಿತೀಶ್ ಕುಮಾರ್ ರಾಜೀನಾಮೆ ಕೊಟ್ಟಾಗ ಪತ್ರಿಕೆಗಳೆಲ್ಲ ಶಾಸ್ತ್ರಿಯವರನ್ನು ನೆನೆದವು. ಅಷ್ಟು ವರ್ಷದ ಮೇಲೂ ಅಳತೆಗೋಲು ಅದೇ ಆಗಿತ್ತಲ್ಲ, ಅದನ್ನು ಉಳಿಕೆ ಎನ್ನಬಾರದೇ?

ನುಡಿಗಡಿ

ಕನ್ನಡಿಗರಾದ ನಾವು ನೆನೆಯಬೇಕಾದ ಮುಖ್ಯ ಸಂಗತಿ ಇನ್ನೂ ಬಂದಿಲ್ಲ, ಅದು ಭಾಷೆ. 1965ರ ಜನವರಿ 26ರಿಂದ ಕೇಂದ್ರದಲ್ಲಿ ಹಿಂದಿಯೇ ಮುಖ್ಯ ಆಡಳಿತ ಭಾಷೆ ಎಂದಾಗ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು, ವಿದ್ಯಾರ್ಥಿಗಳು ಬೀದಿಗಿಳಿದರು, ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತರು, ಗೋಲಿಬಾರಿಗೆ ಅನೇಕರು ಬಲಿಯಾದರು. ಶಾಸ್ತ್ರಿಯವರು ಸ್ವತಃ ಹಿಂದಿಯ ಪರವಾಗಿದ್ದವರು. ಮೊದಮೊದಲು ಅವರು ಪರಿಸ್ಥಿತಿಯನ್ನು ತಪ್ಪಾಗಿ ಅಂದಾಜು ಮಾಡಿದರು ಎಂದೇ ನನ್ನ ಅಭಿಪ್ರಾಯ. ಮದ್ರಾಸ್ ಕಡೆಯ ಕೇಂದ್ರ ಸಚಿವರಾದ ಸುಬ್ರಮಣ್ಯಂ ಮತ್ತು ಅಳಗೇಶನ್ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಇತ್ತ ಬೆಂಗಳೂರಿನಲ್ಲಿ ನಮ್ಮ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಕಾಂಗ್ರೆಸ್ ನಾಯಕರಾದ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಸೇರಿ ಹಿಂದಿಯನ್ನು ಹೇರಬಾರದು ಎಂದು ಹೇಳಿಕೆ ಕೊಟ್ಟರು.

ಆಗ ಪ್ರಧಾನಿ ಏನು ಮಾಡಿದರು? ಫೆಬ್ರವರಿ 11ರಂದು ಆಕಾಶವಾಣಿಯಲ್ಲಿ ಮಾತನಾಡಿ, ಹಿಂದಿಯೇತರ ರಾಜ್ಯಗಳು ಬಯಸುವವರೆಗೆ ಇಂಗ್ಲಿಷ್ ಮುಂದುವರಿಯುತ್ತದೆ, ರಾಜ್ಯಗಳು ತಮಗೆ ಬೇಕಾದ ಭಾಷೆಯಲ್ಲಿ ಆಡಳಿತ ನಡೆಸಬಹುದು, ಕೇಂದ್ರ ಸೇವೆಯ ಪರೀಕ್ಷೆಗಳಲ್ಲಿ ಇಂಗ್ಲಿಷ್ ಉಳಿಯುತ್ತದೆ ಎಂದು ನೆಹರೂ ಕೊಟ್ಟಿದ್ದ ಮಾತನ್ನು ತಮ್ಮ ಮಾತಾಗಿ ಮತ್ತೆ ಕೊಟ್ಟರು. ಅದು 1967ರಲ್ಲಿ ಕಾನೂನಾಯಿತು. ತನ್ನ ಒಲವಿನ ವಿರುದ್ಧ ದೇಶದ ಒಗ್ಗಟ್ಟಿಗಾಗಿ ಹಿಂದೆ ಸರಿಯುವುದು ಸಣ್ಣ ಮಾತಲ್ಲ. ಮೊಂಡುತನವನ್ನೇ ದಿಟ್ಟತನ ಎಂದು ಕರೆಯುವ ಈ ಕಾಲದಲ್ಲಿ ಹಿಂದೆ ಸರಿದವರಿಗೆ ಪ್ರತಿಮೆ ಕಟ್ಟುವುದಿಲ್ಲ, ಅಷ್ಟೇ. 1961ರಲ್ಲಿ ಸಿಲ್ಚಾರಿನಲ್ಲಿ ಬಂಗಾಳಿ ಭಾಷೆಗಾಗಿ ಹೋರಾಡಿದವರ ಮೇಲೆ ಗುಂಡು ಹಾರಿದ ನಂತರ ಅಸ್ಸಾಮಿಗೆ ಹೋಗಿ ಸೂತ್ರ ಹುಡುಕಿದವರೂ ಇವರೇ. ಅದನ್ನು ಶಾಸ್ತ್ರಿ ಸೂತ್ರ ಎಂದೇ ಕರೆಯುತ್ತಾರೆ.

ಮೂರನೇ ಬೆಂಚು

ಇದು ನನಗೆ ಗೊತ್ತಿರಲಿಲ್ಲ. ಒಂದು ಅಡ್ಡ ಪ್ರಶ್ನೆ: ಶಾಸ್ತ್ರಿ ಎಂದರೆ ವೈದಿಕ ಮನೆತನದವರೇ? ನಮ್ಮೂರಿನಲ್ಲಿ ಒಂದು ಸಮುದಾಯದವರು ಅವರ ಜಯಂತಿಯನ್ನು ತಮ್ಮದೇ ಎಂಬಂತೆ ಮಾಡುತ್ತಾರೆ.

ನುಡಿಗಡಿ

ಅಲ್ಲ. 'ಶಾಸ್ತ್ರಿ' ಎಂಬುದು ಕಾಶಿ ವಿದ್ಯಾಪೀಠದ ಪದವಿ, ನಮ್ಮಲ್ಲಿ ಬಿ.ಎ. ಎಂದಂತೆ. ಹುಟ್ಟಿದ್ದು ಕಾಯಸ್ಥರ ಮನೆಯಲ್ಲಿ. ಜಾತಿ ಸೂಚಿಸುವ ಅಡ್ಡಹೆಸರನ್ನು ಎಳೆಯ ವಯಸ್ಸಿನಲ್ಲೇ ಬಿಟ್ಟರು. ಜಾತಿ ಬೇಡವೆಂದು ಹಾಕಿಕೊಂಡ ಪದವಿಯನ್ನೇ ನಾವು ಕನ್ನಡದಲ್ಲಿ ಜಾತಿಯಾಗಿ ಓದಿಕೊಂಡೆವು!

ಕಾಲ್ದಳ

ಹಾಜಿಪೀರ್ ಎಂಬ ಹೆಸರು ಇನ್ನೂ ಯಾರ ಬಾಯಲ್ಲೂ ಬರಲಿಲ್ಲ. ನನ್ನ ದೊಡ್ಡಪ್ಪ ಸೇನೆಯಲ್ಲಿದ್ದವರು. 1965ರ ಆಗಸ್ಟ್ ಕೊನೆಯಲ್ಲಿ ರಕ್ತ ಸುರಿಸಿ ಹಿಡಿದ ಕಾಶ್ಮೀರದ ಆ ಕಣಿವೆಯನ್ನು ತಾಷ್ಕೆಂಟಿನಲ್ಲಿ ಒಂದು ಸಹಿಯಿಂದ ಬಿಟ್ಟುಕೊಟ್ಟದ್ದನ್ನು ಅವರು ಸಾಯುವವರೆಗೂ ಕ್ಷಮಿಸಲಿಲ್ಲ. ಆದರೆ ಮನೆಯಲ್ಲಿ ಶಾಸ್ತ್ರಿಯವರ ಫೋಟೊ ಇತ್ತು, ಅದನ್ನು ತೆಗೆಯಲು ಯಾರನ್ನೂ ಬಿಡುತ್ತಿರಲಿಲ್ಲ. ಕೇಳಿದರೆ, "ಸೆಪ್ಟೆಂಬರ್ 6ಕ್ಕೆ ಲಾಹೋರಿನ ಕಡೆ ಗಡಿ ದಾಟಿ ಎಂದವನೂ ಅವನೇ ಅಲ್ಲವೇನೋ" ಎನ್ನುತ್ತಿದ್ದರು.

ಬೆಳ್ಳಿಚುಕ್ಕಿ

ನಿಮ್ಮ ದೊಡ್ಡಪ್ಪನವರ ಸಿಟ್ಟು ಸಂಸತ್ತಿನಲ್ಲಿಯೂ ಇತ್ತು. ಪುನರ್ವಸತಿ ಸಚಿವರಾಗಿದ್ದ ಮಹಾವೀರ್ ತ್ಯಾಗಿ ಇದೇ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಇನ್ನೊಂದು ಮಗ್ಗುಲೂ ಇದೆ: ಎರಡೂ ಸೇನೆಗಳು 1965ರ ಆಗಸ್ಟ್ 5ರ ನೆಲೆಗಳಿಗೆ ಮರಳಬೇಕು ಎಂಬುದು ಒಪ್ಪಂದ. ಪಾಕಿಸ್ತಾನವೂ ಛಂಬ್‌ನಿಂದ, ಖೇಮ್‌ಕರಣ್‌ನಿಂದ ಹಿಂದೆ ಸರಿಯಬೇಕಾಯಿತು. ಹಾಜಿಪೀರ್ ಉಳಿಸಿಕೊಂಡು ಛಂಬ್ ಬಿಡಿ ಎನ್ನಲು ಆಗುತ್ತಿರಲಿಲ್ಲ.

ನನ್ನ ತಕರಾರು ಬೇರೆಯದು. ಶಾಸ್ತ್ರಿಯವರು ಬದುಕಿ ದೆಹಲಿಗೆ ಮರಳಿದ್ದರೆ ವಿಮಾನ ನಿಲ್ದಾಣದಲ್ಲೇ ಕಪ್ಪು ಬಾವುಟ ಎದುರಾಗುತ್ತಿತ್ತೋ ಏನೋ. ಸಂಸತ್ತಿನಲ್ಲಿ ದಿನಗಟ್ಟಲೆ ಉತ್ತರ ಕೊಡಬೇಕಾಗುತ್ತಿತ್ತು, 1967ರ ಚುನಾವಣೆಯಲ್ಲಿ ಬರಗಾಲಕ್ಕೂ ಬೆಲೆ ಏರಿಕೆಗೂ ಲೆಕ್ಕ ಒಪ್ಪಿಸಬೇಕಾಗುತ್ತಿತ್ತು. ಅದೆಲ್ಲ ಇಂದಿರಾ ಅವರ ತಲೆಗೆ ಬಂತು. ಸಾವು ಶಾಸ್ತ್ರಿಯವರನ್ನು ಟೀಕೆಯಿಂದ ಪಾರುಮಾಡಿತು, ಆದರೆ ಅವರು ಕೊಡಬಹುದಾಗಿದ್ದ ಉತ್ತರ ನಮಗೆ ಸಿಗದಂತೆಯೂ ಮಾಡಿತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಮತ್ತು ಸೋವಿಯತ್ ಪ್ರಧಾನಿ ಕೊಸಿಗಿನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆ ಚಿತ್ರ ಎಷ್ಟು ಬಲವಾಗಿದೆಯೆಂದರೆ, ಅದರ ಮುಂದೆ ಒಪ್ಪಂದದ ಗುಣದೋಷದ ಚರ್ಚೆಯೇ ಅಗೌರವದಂತೆ ತೋರುತ್ತದೆ.

ಚಿರಟೆ

ಗುಣದೋಷ ಎಂದಿರಿ, ಹಾಗಾದರೆ ದೋಷದ ಕಡೆಯ ಒಂದು ಹಾಳೆ ನಾನು ಸೇರಿಸುತ್ತೇನೆ. ನಾನು ಸುಳ್ಯ ತಾಲೂಕಿನವಳು. ನಮ್ಮಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಮಾಡುವ ತಮಿಳು ಕುಟುಂಬಗಳಿವೆ. ಅವರು ತಮಿಳುನಾಡಿನಿಂದ ನೇರವಾಗಿ ಬಂದವರಲ್ಲ. ಶ್ರೀಲಂಕಾದ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರ ಮಕ್ಕಳು ಮೊಮ್ಮಕ್ಕಳು. 1964ರ ಅಕ್ಟೋಬರಿನಲ್ಲಿ ಶಾಸ್ತ್ರಿಯವರೂ ಅಲ್ಲಿಯ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಅವರೂ ಸಹಿ ಹಾಕಿದ ಒಪ್ಪಂದದ ಪ್ರಕಾರ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳುವುದು, 3,00,000 ಮಂದಿಗೆ ಅಲ್ಲಿಯ ಪೌರತ್ವ ಕೊಡುವುದು, ಮಿಕ್ಕ 1,50,000 ಮಂದಿಯ ವಿಷಯ ಆಮೇಲೆ ನೋಡುವುದು ಎಂದಾಯಿತು. ಅಡಿಕೆ ಪಾಲು ಮಾಡಿದಂತೆ ಜನರನ್ನು ಪಾಲು ಮಾಡಿದರು. ಅವರನ್ನು ಕೇಳಿದವರಿಲ್ಲ.

ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳತಿಯ ಅಜ್ಜಿ ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುತ್ತಿದ್ದರು. ಮರಕ್ಕೆ ಕಟ್ಟಿದ ಚಿರಟೆಯಲ್ಲಿ ರಬ್ಬರ್ ಹಾಲು ತುಂಬುವುದನ್ನು ತೋರಿಸುತ್ತ, "ಅಲ್ಲಿ ಎಲೆ ಚಿವುಟುತ್ತಿದ್ದೆ, ಇಲ್ಲಿ ತೊಗಟೆ ಕೀಳುತ್ತಿದ್ದೇನೆ" ಎಂದು ನಗುತ್ತಿದ್ದರು. ಅವರಿಗೆ ಶಾಸ್ತ್ರಿ ಎಂಬುದು ಒಂದು ಒಪ್ಪಂದದ ಹೆಸರಿನ ಅರ್ಧ ಭಾಗ ಮಾತ್ರ. ಅಕ್ಟೋಬರ್ 2ರ ಭಾಷಣದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಮೂರನೇ ಬೆಂಚು

ಹಬ್ಬದ ದಿನ ಮಕ್ಕಳ ಮುಂದೆ ಇಂಥದ್ದನ್ನೆಲ್ಲ ಏಕೆ ಹೇಳಬೇಕು? ಒಳ್ಳೆಯವರೆಂದು ನಂಬಲು ಒಬ್ಬರಾದರೂ ಉಳಿಯಲಿ.

ಚಿರಟೆ

ನನ್ನ ಗೆಳತಿಯೂ ಆ ಮಕ್ಕಳ ಸಾಲಿನಲ್ಲೇ ಕೂತಿದ್ದಳಲ್ಲ ಅಣ್ಣ.

ಸೋಮವಾರದಜ್ಜಿ

ಎಲ್ಲರೂ ದೊಡ್ಡ ದೊಡ್ಡ ವಿಷಯ ಬರೆದಿದ್ದೀರಿ, ನನ್ನದು ಅಡುಗೆಮನೆಯ ಮಾತು. ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. 1965ರಲ್ಲಿ ನನಗೆ ಹದಿನಾಲ್ಕು ವರ್ಷ, ನಾವಿದ್ದದ್ದು ದಾವಣಗೆರೆಯಲ್ಲಿ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಶಾಸ್ತ್ರಿಯವರು ಕರೆ ಕೊಟ್ಟಾಗ ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ನಮ್ಮ ಅವ್ವ ಸೋಮವಾರ ರಾತ್ರಿ ಒಲೆ ಹಚ್ಚುವುದನ್ನು ನಿಲ್ಲಿಸಿದಳು. ಚಿಕ್ಕವರಿಗೆ ಮಧ್ಯಾಹ್ನದ ರೊಟ್ಟಿ, ಮಜ್ಜಿಗೆ. ದೊಡ್ಡವರಿಗೆ ನೀರು. ನಮಗೇನೂ ಅಕ್ಕಿ ಹೆಚ್ಚಿಗೆ ಇರಲಿಲ್ಲ, ಉಳಿಸಿದ್ದು ಯಾವ ಸೈನಿಕನಿಗೂ ಹೋಗಿ ಮುಟ್ಟಲಿಲ್ಲ, ಅದು ಅವ್ವನಿಗೂ ಗೊತ್ತಿತ್ತು. ಆದರೂ ಬಿಟ್ಟಳು, ಏಕೆಂದರೆ ಕೇಳಿದವರು ತಮ್ಮ ಮನೆಯಲ್ಲಿ ಮೊದಲು ಬಿಟ್ಟು ಆಮೇಲೆ ಕೇಳಿದ್ದರು.

ಅವರು ಸತ್ತ ಸುದ್ದಿ ರೇಡಿಯೊದಲ್ಲಿ ಬಂದ ಮೇಲೂ ಅವ್ವ ಆ ಪದ್ಧತಿ ಮುಂದುವರಿಸಿದಳು. ಆಕೆಯಿಂದ ನನಗೆ ಬಂತು. ಈಗ ನನ್ನ ಸೊಸೆಯೂ ಸೋಮವಾರ ಒಪ್ಪತ್ತು ಮಾಡುತ್ತಾಳೆ, ಆದರೆ ಆಕೆ ಅದನ್ನು ಈಶ್ವರನ ವ್ರತ ಎಂದುಕೊಂಡಿದ್ದಾಳೆ, ಬಿಲ್ವಪತ್ರೆಯನ್ನೂ ಏರಿಸುತ್ತಾಳೆ. ನಾನೂ ತಿದ್ದಲಿಲ್ಲ. ತಿದ್ದಬೇಕಿತ್ತೋ ಏನೋ.

ಎಳ್ಳುಹೊಲ

ಅಮ್ಮಾ, ಇಷ್ಟು ಹೊತ್ತು ನಾವು ಉಳಿಕೆ ಉಳಿಕೆ ಎಂದು ಹುಡುಕುತ್ತಿದ್ದುದು ನಿಮ್ಮ ಮನೆಯಲ್ಲೇ ಇದೆ.

ಸಂಶಯಾತ್ಮ

ಒಪ್ಪತ್ತು ಉಳಿಯಿತು, ಶಾಸ್ತ್ರಿ ಮಾಯವಾದರು. ನನ್ನ ವಾದವನ್ನು ಅಜ್ಜಿಯೇ ಮುಗಿಸಿಕೊಟ್ಟರು. ಆದರೂ ಹೇಳುತ್ತೇನೆ, ಅಷ್ಟು ಬರದ ಸೀಮೆಯ ದೇಶದಲ್ಲಿ ಪ್ರಧಾನಿ ಹಸಿದವರಿಗೆ ಉಪವಾಸ ಹೇಳಬಾರದಿತ್ತು. ಉಂಡವರಿಗೆ ಮಾತ್ರ ಹೇಳಬೇಕಿತ್ತು.

ಸೋಮವಾರದಜ್ಜಿ

ಉಂಡವರು ಕೇಳುವುದಿಲ್ಲಪ್ಪ.

ಹಿನ್ನೀರಿನವ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಕೆಲವಕ್ಕೆ ಉತ್ತರ ಕೊಡಬೇಕು.

ಆಲಮಟ್ಟಿಯ ಮಾತನ್ನು ನಾನು ಎತ್ತಿ ಅಲ್ಲಿಗೇ ಬಿಟ್ಟಿದ್ದೆ. ಚಿರಟೆಯವರು ಬರೆದದ್ದನ್ನು ಓದಿದ ಮೇಲೆ ಬಿಡಬಾರದು ಎನಿಸಿತು. ನಮ್ಮ ಊರು ಬಿಡುವಾಗ ಅಪ್ಪ ಮನೆಯ ಹೊಸ್ತಿಲನ್ನು ಕಿತ್ತುಕೊಂಡು ಬಂದು ಪುನರ್ವಸತಿ ಕೇಂದ್ರದ ಮನೆಗೆ ಕೂರಿಸಿದರು. ಬಾಗಿಲು ಆ ಹೊಸ್ತಿಲಿಗಿಂತ ಆರು ಬೆರಳು ಅಗಲ ಕಡಿಮೆಯಿದ್ದುದರಿಂದ ಒಂದು ತುದಿಯನ್ನು ಕೊಯ್ಯಬೇಕಾಯಿತು. ಕೊಯ್ದ ತುಂಡು ಇನ್ನೂ ಅಟ್ಟದ ಮೇಲಿದೆ. ಪರಿಹಾರದ ಕಡತಕ್ಕಾಗಿ ಅವರು ಅಲೆದ ವರ್ಷಗಳ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ಡ್ಯಾಮಿನ ನೀರಿನ ಮಟ್ಟ 519.60 ಮೀಟರ್ ಎಂಬ ಅಂಕಿಯನ್ನು ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ, ಏಕೆಂದರೆ 524.256ಕ್ಕೆ ಏರಿಸುತ್ತಾರೆ ಎಂಬ ಮಾತು ನಿಂತಿಲ್ಲ, ಏರಿದರೆ ಇನ್ನೊಂದಿಷ್ಟು ಊರುಗಳು ಹೊಸ್ತಿಲು ಕೀಳಬೇಕು. ಅದೇ ನೀರು ಕಾಲುವೆಯಲ್ಲಿ ಹರಿದು ವಿಜಯಪುರದ ಒಣ ಹೊಲಗಳಲ್ಲಿ ಕಬ್ಬು, ದ್ರಾಕ್ಷಿ ಬೆಳೆಸಿದೆ ಎಂಬುದನ್ನೂ ನಾನು ಬಲ್ಲೆ. ನನ್ನ ಅಳಿಯನದೇ ಅಲ್ಲಿ ನಾಲ್ಕು ಎಕರೆ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಪ್ಪನ ಗುಡಿಯ ಕಟ್ಟೆ ಹೊರಗೆ ಕಾಣುತ್ತದೆ, ಹೋಗಿ ಕಾಯಿ ಒಡೆದು ಬರುತ್ತೇವೆ. ಅಡಿಗಲ್ಲು ಹಾಕಿದ ದಿನ ಶಾಸ್ತ್ರಿಯವರು ನಮ್ಮ ಊರಿನ ಹೆಸರು ಕೇಳಿರಲಾರರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೆಸರಿಟ್ಟವರು ಆ ಹೆಸರಿಗೆ ಎರಡೂ ಕಡೆಯ ಋಣ ಅಂಟಿಸಿದ್ದಾರೆ.

ಮೂರನೇ ಬೆಂಚಿನ ತಮ್ಮ, ಮಕ್ಕಳಿಗೆ ಹೇಳಿದರೆ ಶ್ರದ್ಧೆ ಕಡಿಮೆಯಾಗುತ್ತದೆ ಎಂಬ ಭಯ ನನಗೂ ಇಪ್ಪತ್ತಾರು ವರ್ಷ ಇತ್ತು. ಅದರ ಫಲವೇ ಆ ಹುಡುಗಿಯ ಮುಂದೆ ಬಾಯಿ ಕಟ್ಟಿದ್ದು.

ನಿನ್ನೆ ಶಾಲೆಗೆ ಫೋನ್ ಮಾಡಿದ್ದೆ. ನನ್ನ ಜಾಗಕ್ಕೆ ಬಂದಿರುವ ಶಿಕ್ಷಕಿ, "ಸರ್, ಒಂದು ಪುಟದಲ್ಲಿ ಬರೆದು ಕಳಿಸಿರಿ, ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಂದಲೇ ಓದಿಸುತ್ತೇನೆ" ಎಂದರು. ಆಹಾರ ನಿಗಮ, ಹಾಲಿನ ಸಂಘ, ಆಕಾಶವಾಣಿಯ ಮಾತು, ಅರಿಯಲೂರು, ಸುಳ್ಯದ ತೋಟ, ನಮ್ಮ ಮುಳುಗಡೆ, ದಾವಣಗೆರೆಯ ಸೋಮವಾರ, ಇಷ್ಟನ್ನೂ ಒಂದು ಪುಟಕ್ಕೆ ಹಿಡಿಸಲು ಹೋಗಿ ಮೂರು ಪುಟವಾಗಿದೆ. ಹಾಜಿಪೀರ್ ಇನ್ನೂ ಹೊರಗೇ ಇದೆ.

ಕಾಲ್ದಳ

ಬಿಡಬೇಡಿ ಮಾಸ್ತರೇ, ದೊಡ್ಡಪ್ಪ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಬೇಕಾದರೆ ಕಾರಿನ ಕಥೆಯನ್ನು ತೆಗೆಯಿರಿ, ಅದು ಎಲ್ಲರಿಗೂ ಗೊತ್ತು.

ಮೂರನೇ ಬೆಂಚು

ಕಾರು ಇರಲಿ. ಬೇಕಿದ್ದರೆ ಒಂದೇ ಸಾಲಿನಲ್ಲಿ ಇರಲಿ.

ಡೇರಿ ಕ್ಯಾನು

ಆ ಫೋಟೊದ ಹಿಂದಿನ ಕಡ್ಡಿಯನ್ನು ಸರಿಮಾಡಿಸಿದ್ದಾರೆಯೇ ಸರ್?

ಹಿನ್ನೀರಿನವ

ಕೇಳಿದೆ. ಇಲ್ಲವಂತೆ. ಈಗ ಡಸ್ಟರೂ ಇಲ್ಲ, ಬಿಳಿ ಬೋರ್ಡು ಬಂದಿದೆ. ಗಾಂಧೀಜಿಯವರ ಚೌಕಟ್ಟಿಗೇ ಆನಿಸಿ ಇಡುತ್ತಾರಂತೆ.